ಸೊಟ್ಟಮೂತಿಯ ಟೀಪಾಟು

ಜೂನ್ 3

ಸಂಗ್ರಹಾಲಯದ ಸಂಗ್ರಹಪಾಲಕರಿಗೆ,

ನಿಮ್ಮ ಮೂರನೆಯ ಕೋಣೆಯ ಗಾಜಿನ ಕಪಾಟಿನಲ್ಲಿರುವ ಸೊಟ್ಟಮೂತಿಯ ಚಹಾ ಸೆಟ್ಟನ್ನು ಮಾಡಿದ್ದು ಪಿಂಗಾಣಿ ಕಾರ್ಖಾನೆಯ ಯಜಮಾನನಲ್ಲ, ನನ್ನ ಅಜ್ಜಿ. ಅವಳ ದುಡಿಮೆಗೆ ನೀವು ಅವನ ಹೆಸರು ಅಂಟಿಸಿದ್ದೀರಿ. ಇದಕ್ಕೆ ಕಳ್ಳತನ ಅನ್ನುತ್ತಾರೆ.

ನಾನು ಅಚ್ಚುಕೂಟದಲ್ಲಿ ಹಾಳೆ ಮಡಚುವವಳು. ಮಡಚುವ ಮುಂಚೆ ಓದುವುದು ನನ್ನ ಅಭ್ಯಾಸ. ಶಾಲೆ ಬಿಟ್ಟ ಮೇಲೆ ನನಗೆ ದಕ್ಕಿದ ವಿದ್ಯೆಯೆಲ್ಲ ಹಾಗೆ ಬಂದದ್ದು, ಒಂದೊಂದು ಕರಪತ್ರದಿಂದ. ಕಳೆದ ವಾರ ನಿಮ್ಮ ಮುಂಬರುವ ಪ್ರದರ್ಶನದ ಕರಪತ್ರ ನನ್ನ ಮೇಜಿಗೆ ಬಂತು. ಅದರಲ್ಲಿ ಟೀಪಾಟಿನ ಚಿತ್ರ. ಕೆಳಗೆ, 'ಮುದ್ರೆಯಿಲ್ಲದ ಸೆಟ್ಟು. ಯಜಮಾನರು ತಮ್ಮ ಕೈಯಾರೆ ಮಾಡಿದ ಪ್ರಯೋಗ.' ಕೈಯಾರೆ! ದುಡಿಯುವವರ ಕೈಯನ್ನು ಉಳ್ಳವರು ತಮ್ಮ ಕೈ ಎಂದು ಕರೆದುಕೊಳ್ಳುವುದೇ ಶೋಷಣೆಯ ಮೊದಲ ಪಾಠ. ಸಂಬಳದಲ್ಲಿ ಶೋಷಣೆ, ಸತ್ತಮೇಲೆ ಇತಿಹಾಸದಲ್ಲಿ ಶೋಷಣೆ. ಅಜ್ಜಿಯಂತೂ ಇನ್ನೂ ಬದುಕಿದ್ದಾಳೆ. ಚಿತ್ರ ತೋರಿಸಿದಾಗ ಅವಳ ಕಣ್ಣಲ್ಲಿ ಹೆಮ್ಮೆ ಉಕ್ಕಿತು.

ಪ್ರದರ್ಶನದ ದೊಡ್ಡ ಪುಸ್ತಕವೂ ಸೆಪ್ಟೆಂಬರಿನಲ್ಲಿ ನಮ್ಮಲ್ಲೇ ಅಚ್ಚಾಗಲಿದೆಯಂತೆ. ಅಷ್ಟರೊಳಗೆ ಅವಳ ಹೆಸರು ಅದರಲ್ಲಿ ಬರಬೇಕು. ಬಾರದಿದ್ದರೆ ಆ ಪುಟವನ್ನು ನಾನು ಮಡಚುವುದಿಲ್ಲ. ನಮ್ಮ ಮಾಲೀಕರಿಗೆ ಹೀಗೆಂದು ಹೇಳಿದ್ದಕ್ಕೆ, "ನಿನ್ನ ಕೆಲಸ ಮಡಚೋದು, ಓದೋದಲ್ಲ" ಅಂದರು. ಅದೂ ಶೋಷಣೆಯೇ.

ಉತ್ತರಕ್ಕಾಗಿ ಕಾಯುತ್ತೇನೆ, ಆದರೆ ಕೈಕಟ್ಟಿ ಅಲ್ಲ.

ಹಾಳೆ ಮಡಚುವವಳು


ಜೂನ್ 14

ಪತ್ರ ಬರೆದವರಿಗೆ,

ನಿಮ್ಮ ಪತ್ರದಲ್ಲಿ 'ಶೋಷಣೆ' ನಾಲ್ಕು ಸಲ ಬಂದಿದೆ, 'ಮಣ್ಣು' ಒಂದು ಸಲವೂ ಬಂದಿಲ್ಲ. ನಾನು ಮಣ್ಣಿನ ಲೆಕ್ಕದವನು. ಆದ್ದರಿಂದ ಉತ್ತರ ಸಪ್ಪೆ ಅನ್ನಿಸಿದರೆ ಕ್ಷಮಿಸಿ.

ಆ ಸೆಟ್ಟು ತಮ್ಮ ಮನೆಯವರದು ಎಂದು ಈಗಾಗಲೇ ನಾಲ್ಕು ಪತ್ರಗಳು ಬಂದಿವೆ. ಒಬ್ಬರ ಪ್ರಕಾರ ಮಾಡಿದ್ದು ಅವರ ಅಜ್ಜ, ಇಬ್ಬರ ಪ್ರಕಾರ ಮಾವ, ಇನ್ನೊಬ್ಬರ ಪ್ರಕಾರ ಹಿಂದಿನ ಜನ್ಮದಲ್ಲಿ ಅವರೇ. ನಿಮ್ಮದು ಐದನೆಯದು.

ಯಜಮಾನರ ಹೆಸರು ಹಾಕಲು ಎರಡು ಕಾರಣಗಳಿವೆ. ಆ ಕಾರ್ಖಾನೆಯಿಂದ ಮಾರಾಟಕ್ಕೆ ಹೊರಟ ಪ್ರತಿ ಪಾತ್ರೆಯ ತಳದಲ್ಲೂ ಮುದ್ರೆ ಇರುತ್ತಿತ್ತು. ಮುದ್ರೆ ಇಲ್ಲದ್ದು ಮಾರಲು ಮಾಡಿದ್ದಲ್ಲ, ಅಂದರೆ ಯಾರೋ ಸ್ವಂತಕ್ಕೆ ಮಾಡಿಕೊಂಡದ್ದು. ಅಲ್ಲಿ ಸ್ವಂತಕ್ಕೆ ಮಾಡಿಕೊಳ್ಳುವ ಸ್ವಾತಂತ್ರ್ಯ ಇದ್ದದ್ದು ಒಬ್ಬರಿಗೇ. ಎರಡನೆಯದು, ಇಂಥ ಟೀಪಾಟುಗಳು ನಮಗೆ ಈವರೆಗೆ ಮೂರು ಸಿಕ್ಕಿವೆ. ಮೂರರ ಮೂತಿಯೂ ಎಡಕ್ಕೇ ವಾಲಿದೆ, ಒಂದೇ ಅಳತೆಯಲ್ಲಿ. ಒಂದು ಸೊಟ್ಟಗಾದರೆ ತಪ್ಪು, ಮೂರೂ ಒಂದೇ ರೀತಿ ಸೊಟ್ಟಗಾದರೆ ಅದು ಉದ್ದೇಶ.

ನಿಮ್ಮ ಅಜ್ಜಿಯವರೇ ಮಾಡಿದ್ದಾದರೆ ಮುದ್ರೆ ಏಕಿಲ್ಲ, ಮೂತಿ ಏಕೆ ಸೊಟ್ಟ ಎಂಬೆರಡಕ್ಕೆ ಉತ್ತರ ಕೊಡಿ.

ಸಂಗ್ರಹಪಾಲಕ


ಜೂನ್ 19

ಸ್ವಾಮಿ,

ಉತ್ತರ ಕೊಡುತ್ತೇನೆ, ಕೇಳಿ.

ಮುದ್ರೆ ಇಲ್ಲ, ಏಕೆಂದರೆ ನನ್ನ ಅಜ್ಜಿ ತನ್ನ ಕೆಲಸದ ಮೇಲೆ ಯಜಮಾನನ ಗುರುತು ಬೀಳುವುದನ್ನು ಒಪ್ಪಲಿಲ್ಲ. ಮೂತಿ ಸೊಟ್ಟ, ಏಕೆಂದರೆ ಅವಳು ಬೇಕೆಂದೇ ಸೊಟ್ಟಗೆ ಮಾಡಿದಳು. ಅದು ಪ್ರತಿಭಟನೆ! ಯಜಮಾನನ ಮೇಜಿನ ಮೇಲೆ ಅವನ ಚಹಾ ಅವನ ತಟ್ಟೆಗೇ ಚೆಲ್ಲುವಂತೆ ಮಾಡಿದ ಮೌನ ಮುಷ್ಕರ. ಮೂರೂ ಒಂದೇ ಅಳತೆಯಲ್ಲಿವೆ, ಉದ್ದೇಶ ಎಂದು ನೀವೇ ಬರೆದಿರಿ. ಹೌದು, ಉದ್ದೇಶವೇ. ಯಾರದು ಎಂಬುದಷ್ಟೇ ನಿಮಗೆ ಹೊಳೆಯಲಿಲ್ಲ.

ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕು?

ಮಡಚುವವಳು


ಜೂನ್ 27

ಇದನ್ನು ನಿಮ್ಮ ಅಜ್ಜಿ ಹೇಳಿದರೇ, ಅಥವಾ ಅವರ ಪರವಾಗಿ ನೀವು ಹೇಳಿದಿರೇ?

ಸಂಗ್ರಹಪಾಲಕ


ಜುಲೈ 20

ಮಾನ್ಯರೇ,

ನಿಮ್ಮ ಒಂದು ಸಾಲಿನ ಪತ್ರಕ್ಕೆ ಉತ್ತರಿಸಲು ನನಗೆ ಇಷ್ಟು ದಿನ ಬೇಕಾಯಿತು. ನಾನು ಹೇಳಿದ್ದು. ಅಜ್ಜಿ ಹೇಳಿದ್ದಲ್ಲ. ನಾನು ನಿಮಗೆ ಬರೆದಿರುವುದೇ ಅವಳಿಗೆ ಗೊತ್ತಿರಲಿಲ್ಲ. ಆ ಚಿತ್ರ ನೋಡಿ ಅವಳ ಕಣ್ಣಲ್ಲಿ ಹೆಮ್ಮೆ ಉಕ್ಕಲಿಲ್ಲ. ಅವಳು "ಇದು ನಂದೇ" ಎಂದಷ್ಟೇ ಹೇಳಿ, ಹಾಳೆಯನ್ನು ಮಗುಚಿ, ಅಡುಗೆಮನೆಯ ಕಪಾಟಿನ ತಳಕ್ಕೆ ಹಾಸಿ, ಮೇಲೆ ಡಬ್ಬಿಗಳನ್ನು ಜೋಡಿಸಿಬಿಟ್ಟಳು.

ಕೊನೆಗೂ ಕೇಳಿದೆ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ಪ್ರತಿಭಟನೆಯಂತೆ, ಗಿತಿಭಟನೆಯಂತೆ! ಹೊಟ್ಟೆಪಾಡಿಗೆ ಕೂತವಳು ನಾನು. ನೆಟ್ಟಗೆ ಮಾಡೋಕೆ ಹೆಣಗಾಡಿದೆ, ಆಗಲಿಲ್ಲ. ಹಸಿ ಮೂತಿ ಎಲ್ಲರದ್ದೂ ಬೆಂಕೀಲಿ ಒಂಚೂರು ತಿರುಗುತ್ತೆ. ಅದಕ್ಕೇಂತ ಮೇಸ್ತ್ರಿ ಒಂದು ತಗಡಿನ ಅಳತೆ ಕೊಟ್ಟಿದ್ದ. ಅದನ್ನ ಇಟ್ಟು ಓರೆಯಾಗಿ ಕತ್ತರಿಸಿದ್ರೆ ಸುಟ್ಟ ಮೇಲೆ ಸರಿಹೋಗುತ್ತೆ. ಎಲ್ಲರದ್ದೂ ಸರಿಹೋಗ್ತಿತ್ತು. ನಂದು ಮಾತ್ರ ಇನ್ನಷ್ಟು ಸೊಟ್ಟ."

"ತಗಡು ಬಿಟ್ಟು ಬೇರೆ ಥರ ಕತ್ತರಿಸಬೇಕಿತ್ತು ಅಜ್ಜಿ."

"ತಗಡು ಬಿಟ್ಟವಳು ಕೆಲಸ ಬಿಟ್ಟ ಹಾಗೆ. ಅದು ಅಲ್ಲಿನ ಕಾನೂನು."

ಸೊಟ್ಟಗಾದದ್ದಕ್ಕೆ ಮುದ್ರೆ ಒತ್ತುತ್ತಿರಲಿಲ್ಲವಂತೆ. ಗೇಟಿನ ಹೊರಗೆ ಬುಟ್ಟಿಯಲ್ಲಿ ರಾಶಿ ಹಾಕಿ ಬಂದ ಬೆಲೆಗೆ ಕೊಡುತ್ತಿದ್ದರಂತೆ. ನಿಮ್ಮ ಕಪಾಟಿನಲ್ಲಿರುವುದು ಆ ಬುಟ್ಟಿಯ ಮಾಲು. ಎರಡು ವರ್ಷ ಸಹಿಸಿಕೊಂಡ ಮೇಸ್ತ್ರಿ ಒಂದು ದಿನ ಎಲ್ಲರೆದುರು ಅವಳ ಬಲಗೈ ಎತ್ತಿ ಹಿಡಿದು, "ನೋಡಿ, ಇದಕ್ಕೆ ಸೊಟ್ಟಕೈ ಅಂತಾರೆ" ಎಂದು ಹೇಳಿ ಮನೆಗೆ ಕಳಿಸಿದ. ಆ ಹೆಸರು ಬೀದಿಯಲ್ಲಿ ಹಾಗೇ ಉಳಿಯಿತು. ಗೋಡೆಗೆ ಮೊಳೆ ಹೊಡೆಯಬೇಕಾದರೆ, ಬಟ್ಟೆ ಕತ್ತರಿಸಬೇಕಾದರೆ, "ನೀನೇ ಮಾಡು, ನನ್ನ ಕೈ ಸೊಟ್ಟ" ಅನ್ನುತ್ತಾಳೆ. ಅದು ತಮಾಷೆ ಎಂದುಕೊಂಡು ನಾನು ಹುಟ್ಟಿದಾಗಿನಿಂದ ನಕ್ಕಿದ್ದೇನೆ.

ಹೆಸರು ಬೇಡವಂತೆ. "ನನ್ನ ಮಾನ ಗಾಜಿನ ಪೆಟ್ಟಿಗೇಲಿಟ್ಟು ದೀಪ ಹಾಕ್ತಾರಾ?" ಎಂದು ಕೇಳಿದಳು. ನನ್ನ ಪತ್ರಗಳನ್ನು ಹರಿದುಹಾಕಿ.

ಮಡಚುವವಳು


ಆಗಸ್ಟ್ 2

ತಂಗಿ,

ಹರಿದುಹಾಕುವುದಿಲ್ಲ. ಸಂಗ್ರಹಾಲಯದವರಿಗೆ ಹರಿಯುವುದನ್ನು ಯಾರೂ ಕಲಿಸುವುದಿಲ್ಲ.

ಜುಲೈ ಇಪ್ಪತ್ತರ ನಿಮ್ಮ ಪತ್ರದಲ್ಲಿ ಮಣ್ಣು, ಬೆಂಕಿ, ತಗಡು ಎಲ್ಲ ಇವೆ. ಅದನ್ನು ಓದಿದ ದಿನವೇ ಕಪಾಟಿನ ಬೀಗ ತೆಗೆಸಿದೆ. ಪಕ್ಕದ ಬೀದಿಯ ದಂತವೈದ್ಯರಿಂದ ಅವರ ಪುಟ್ಟ ಕನ್ನಡಿ ಕಡ ತಂದು ಟೀಪಾಟಿನ ಮೂತಿಯ ಒಳಗೆ ಇಳಿಸಿದೆ. (ಅವರು ಕಾರಣ ಕೇಳಿದರು. "ಒಬ್ಬರ ಬಾಯಿ ಸೊಟ್ಟಗಿದೆ" ಅಂದೆ. "ಕಳಿಸಿಕೊಡಿ" ಅಂದರು.)

ತಿರುಗುವ ಚಕ್ರದ ಮೇಲೆ ಎತ್ತಿದ ಮೂತಿಯ ಒಳಗೆ ಬೆರಳಿನ ಗೆರೆಗಳು ಸುರುಳಿಯಾಗಿ ಉಳಿಯುತ್ತವೆ. ಆ ಕಾರ್ಖಾನೆಯ ಮುದ್ರೆಯಿರುವ ಟೀಪಾಟುಗಳು ನಮ್ಮ ಉಗ್ರಾಣದಲ್ಲಿ ಬೇಕಾದಷ್ಟಿವೆ, ಒಂದೊಂದನ್ನೂ ನೋಡಿದೆ. ಎಲ್ಲದರ ಸುರುಳಿಯೂ ಒಂದೇ ದಿಕ್ಕು. ಮುದ್ರೆಯಿಲ್ಲದ ಈ ಮೂರರದ್ದು ಮಾತ್ರ ತದ್ವಿರುದ್ಧ ದಿಕ್ಕು. ಇಷ್ಟು ವರ್ಷ ನಾವೆಲ್ಲ ಹೊರಗಿನ ಬಣ್ಣ ನೋಡಿ ಲೇಖನ ಬರೆದೆವು. ಒಳಗೆ ಇಣುಕಿದವರು ಯಾರೂ ಇಲ್ಲ.

ಅಜ್ಜಿ ಎಡಚರೇ? ಹಾಗಿದ್ದರೆ ಎಲ್ಲವೂ ಹೊಂದುತ್ತದೆ.

ಹೆಸರಿನ ಮಾತು ಆಮೇಲೆ. ಮೊದಲು ಇದನ್ನು ಕೇಳಿ ತಿಳಿಸಿ.

ಸಂಗ್ರಹಪಾಲಕ


ಆಗಸ್ಟ್ 8

ಮಾನ್ಯರೇ,

ಎಡಚಳಲ್ಲ. ನಿಮ್ಮ ಪತ್ರ ಓದಿ ಹೇಳಿದಾಗ ಅವಳು ಕೋಲಿಗೆ ದಾರ ಸುತ್ತುತ್ತಾ ಕೂತಿದ್ದಳು, ಬಲಗೈಯಲ್ಲಿ.

"ಎಡಗೈ ಅಲ್ಲ ಗಿಡಗೈ ಅಲ್ಲ. ನನ್ನ ಚಕ್ರವೇ ಉಲ್ಟಾ ತಿರುಗ್ತಿತ್ತು" ಎಂದಳು, ಹಾಲು ಉಕ್ಕಿತು ಎಂದಷ್ಟೇ ಸಲೀಸಾಗಿ.

"ಉಲ್ಟಾ ಅಂದ್ರೆ?"

"ಎಲ್ಲರ ಚಕ್ರ ಒಂದು ಕಡೆ, ನಂದು ಇನ್ನೊಂದು ಕಡೆ. ಮೇಲೆ ಒಂದು ಉದ್ದನೆ ಕಬ್ಬಿಣದ ಕಂಬಿ ತಿರುಗ್ತಿತ್ತು. ಅದರಿಂದ ಒಂದೊಂದು ಚಕ್ರಕ್ಕೂ ಬೆಲ್ಟು. ನಂದು ಗೋಡೆ ಕಡೆಯ ಕೊನೇ ಚಕ್ರ. ಅದರ ಬೆಲ್ಟು ಹಳೇದಾಗಿ ಸಡಿಲ ಆಗಿತ್ತು. ಹೊಸದು ತರಿಸೋ ಬದಲು ಮೇಸ್ತ್ರಿ ಅದನ್ನ ನಡುವೆ ಅಡ್ಡ ತಿರುಚಿ ಹಾಕಿದ. ತಿರುಚಿದ್ರೆ ಬಿಗಿ ಆಗುತ್ತಲ್ಲ. ಆದ್ರೆ ಚಕ್ರ ಹಿಂದುಮುಂದಾಯ್ತು. ನಾನು ಕಲಿತದ್ದೇ ಅದರ ಮೇಲೆ. ನನಗೇನು ತೊಂದರೆ ಆಗಲಿಲ್ಲ."

ಸ್ವಾಮಿ, ನನಗೆ ಆಗಲೇ ಹೊಳೆಯಿತು. ಎಲ್ಲರ ಮೂತಿ ಬೆಂಕಿಯಲ್ಲಿ ಬಲಕ್ಕೆ ತಿರುಗುತ್ತಿತ್ತು. ಅದಕ್ಕೇ ತಗಡು ಎಡಕ್ಕೆ ಓರೆ. ಅವಳ ಮೂತಿ ತಿರುಗುತ್ತಿದ್ದದ್ದೇ ಎಡಕ್ಕೆ. ಅದರ ಮೇಲೆ ಎಡಕ್ಕೇ ಓರೆಯಾಗಿ ಕತ್ತರಿಸಿದರೆ? ಎರಡು ಎಡ ಸೇರಿ ಪೂರಾ ಸೊಟ್ಟ! ಕೈಯಲ್ಲ ಸ್ವಾಮಿ, ಬೆಲ್ಟು! ಹೊಸ ಬೆಲ್ಟು ತರಿಸದ ಜಿಪುಣತನಕ್ಕೆ ಒಬ್ಬ ಹೆಂಗಸಿನ ಕೈಗೆ ಐವತ್ತು ವರ್ಷ ಕೆಟ್ಟ ಹೆಸರು.

ಹೀಗೆಂದು ಕೂಗಾಡಿದೆ. ಅಜ್ಜಿ ನಂಬಲಿಲ್ಲ. "ನೀನು ಹೋದ ತಿಂಗಳು ಮುಷ್ಕರ ಅಂದೆ, ಈ ತಿಂಗಳು ಬೆಲ್ಟು ಅಂತೀಯ. ಮುಂದಿನ ತಿಂಗಳು ಗ್ರಹಚಾರ ಅಂತೀಯ" ಎಂದಳು. ನನ್ನ ಮಾತಿಗೆ ಈ ಬೆಲೆ ಬರುವಂತೆ ಮಾಡಿಕೊಂಡದ್ದು ನಾನೇ.

ಊರಾಚೆ ಒಬ್ಬ ಹೂಕುಂಡ ಮಾಡುವವನಿದ್ದಾನೆ. ಅವನ ಚಕ್ರ ಕರೆಂಟಿನದು, ಗುಂಡಿ ಒತ್ತಿದರೆ ಎರಡು ಕಡೆಗೂ ತಿರುಗುತ್ತದೆ. ಅಜ್ಜಿಯನ್ನು ಅದರ ಮುಂದೆ ಕೂರಿಸಬೇಕು. ಬರುವುದಿಲ್ಲ ಅನ್ನುತ್ತಿದ್ದಾಳೆ.

ಮಡಚುವವಳು


ಆಗಸ್ಟ್ 13

ತಂಗಿ,

ಕೂರಿಸಿ. ಹೇಗಾದರೂ ಕೂರಿಸಿ.

ಕಾರ್ಖಾನೆ ಮುಚ್ಚಿದಾಗ ಬಂದ ಸಾಮಾನಿನಲ್ಲಿ ಆ ತಗಡು ಸಿಕ್ಕಿತು. ಅದರ ಪಡಿಯಚ್ಚು ಮಾಡಿಸಿ ಇದರೊಂದಿಗೆ ಕಳಿಸಿದ್ದೇನೆ. ಒಂದೇ ಮಣ್ಣು, ಒಂದೇ ಕೈ, ಒಂದೇ ತಗಡು, ಒಂದೇ ಬೆಂಕಿ. ಚಕ್ರದ ದಿಕ್ಕು ಮಾತ್ರ ಬೇರೆ ಇರಲಿ. ಅಜ್ಜಿಯ ದಿಕ್ಕಿನವಕ್ಕೆ ತಳದಲ್ಲಿ ಒಂದು ಗೀರು ಹಾಕಿ.

ನಿಮಗೆ ಈವರೆಗೆ ಹೇಳದ ಒಂದು ಸಂಗತಿಯಿದೆ. ಪ್ರದರ್ಶನಕ್ಕೆ ಬೆಂಬಲ ಕೊಡುತ್ತಿರುವುದು ಯಜಮಾನರ ಮೊಮ್ಮಗ. ಉದ್ಘಾಟನೆಯ ದಿನ ಆ ಟೀಪಾಟಿನ ಪಕ್ಕ ನಿಂತು ಅವರು ಭಾಷಣ ಮಾಡಬೇಕೆಂದಿದೆ. ನಿಮ್ಮ ಮೊದಲ ಪತ್ರ ಬಂದ ದಿನವೇ ಅವರಿಗೆ ವಿಷಯ ತಿಳಿಸಿದೆ. "ಮಡಚುವ ಹುಡುಗಿಯ ಮಾತಿಗೆ ಪುಸ್ತಕ ತಿದ್ದುತ್ತೀರಾ?" ಎಂದು ನಕ್ಕರು. ಇಲ್ಲ, ಮಾತಿಗೆ ತಿದ್ದುವುದಿಲ್ಲ. ಸುಟ್ಟ ಮಣ್ಣು ಬಂದರೆ ತಿದ್ದುತ್ತೇನೆ. ಆ ಪುಟವನ್ನು ಅಚ್ಚಿಗೆ ಕಳಿಸದೆ ತಡೆದಿಟ್ಟಿದ್ದೇನೆ. ಸೆಪ್ಟೆಂಬರ್ ಹತ್ತರ ನಂತರ ತಡೆಯಲಾರೆ.

ಸಂಗ್ರಹಪಾಲಕ


ಸೆಪ್ಟೆಂಬರ್ 3

ಪ್ರಿಯ ಸಂಗ್ರಹಪಾಲಕರೇ,

ಗೆದ್ದೆವು!

ಕ್ರಮವಾಗಿ ಹೇಳುತ್ತೇನೆ. ಕರೆದರೆ ಬರಲಿಲ್ಲ, ಬೇಡಿದರೆ ಬರಲಿಲ್ಲ. ನಿಮ್ಮ ತಗಡನ್ನು ಮೇಜಿನ ಮೇಲಿಟ್ಟೆ, ಅಷ್ಟೇ. ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಅಂಚು ಸವರಿದಳು. "ಇದೇ ಆ ಮೂಳ ತಗಡು" ಎಂದಳು. ಮರುದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮೊದಲ ದಿನ ಮಣ್ಣು ಅವಳ ಮಾತು ಕೇಳಲಿಲ್ಲ. ಹೂಕುಂಡದವನಿಗೋ ಬಾಯಿ ಸುಮ್ಮನಿರುವುದಿಲ್ಲ. "ಅಜ್ಜಿ, ಇದು ಮೂತಿಯೋ ಬದನೆಕಾಯಿಯೋ?" ಅಂದ. "ನಿನ್ನ ಮೂತಿಗಿಂತ ವಾಸಿ, ಗುಂಡಿ ಒತ್ತು" ಅಂದಳು. ಮೂರನೆಯ ದಿನಕ್ಕೆ ಅವಳ ದಿಕ್ಕಿನಲ್ಲಿ ನಾಲ್ಕು ಮೂತಿಗಳು ಎದ್ದವು, ತೆಳ್ಳಗೆ, ಬಾತುಕೋಳಿಯ ಕತ್ತಿನ ಹಾಗೆ. ಹೂಕುಂಡದವನ ಬಾಯಿ ಆಗ ಮುಚ್ಚಿತು. ಆಮೇಲೆ ಗುಂಡಿ ಒತ್ತಿ ದಿಕ್ಕು ಬದಲಿಸಿ, ಎಲ್ಲರ ದಿಕ್ಕಿನಲ್ಲಿ ಮಾಡು ಎಂದೆವು. ಅದು ಅವಳಿಗೆ ಕನ್ನಡಿಯಲ್ಲಿ ನೋಡಿಕೊಂಡು ಬೀಗ ತೆಗೆದ ಹಾಗಾಯಿತು. ಬೈದಳು, ಎದ್ದಳು, ಮತ್ತೆ ಕೂತಳು. ಎರಡೇ ಎರಡು ಉಳಿದವು, ದಪ್ಪ, ಗಂಟುಗಂಟು. ಆರನ್ನೂ ಅದೇ ತಗಡಿನಿಂದ ಅವಳೇ ಕತ್ತರಿಸಿ ಗುಂಡನೆಯ ಪಾತ್ರೆಗಳಿಗೆ ಕೂಡಿಸಿದಳು.

ಅವನ್ನು ಸುಟ್ಟ ಆವಿಗೆಗೂಡನ್ನು ತೆರೆದ ದಿನ ನಾನು ಕೆಲಸಕ್ಕೆ ರಜೆ ಹಾಕಿದೆ. ಆರನ್ನೂ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ತೆಳ್ಳಗಿನ ಚೆಂದದ ನಾಲ್ಕೂ ಎಡಕ್ಕೆ ಸೊಟ್ಟ. ಗಂಟುಗಂಟಾದ ಆ ಕುರೂಪದ ಎರಡು? ನೆಟ್ಟಗೆ! ದಾರ ಹಿಡಿದು ನೋಡಿದೆವು, ಕೂದಲೆಳೆಯಷ್ಟೂ ಓರೆಯಿಲ್ಲ.

ಅಜ್ಜಿ ಹಲಗೆಯ ಮುಂದೆ ಕೂತಳು. ಸೊಟ್ಟದ್ದೊಂದನ್ನು ಎತ್ತಿಕೊಂಡು ತಳದ ಗೀರು ನೋಡಿದಳು. ನೆಟ್ಟಗಿದ್ದದ್ದನ್ನು ಎತ್ತಿಕೊಂಡು ತಳ ನೋಡಿದಳು, ಗೀರಿಲ್ಲ. ಮತ್ತೆ ಇನ್ನೊಂದು. ಆರನ್ನೂ ಹಾಗೇ ನೋಡಿದಳು. ಆಮೇಲೆ ಬಲಗೈಯನ್ನು ಮುಖದ ಹತ್ತಿರ ತಂದು, ಹಿಂದೆ ಮುಂದೆ ತಿರುಗಿಸಿ ದಿಟ್ಟಿಸಿದಳು. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಗಂಟಲೆತ್ತಿ ಒಂದು ಕೂಗು ಹಾಕಿದಳು, ಬಯಲಿನ ಕಾಗೆಗಳೆಲ್ಲ ಎದ್ದುಹೋದವು.

"ಲೇ ಮೇಸ್ತ್ರೀ! ಸೊಟ್ಟ ನಿನ್ನ ಬೆಲ್ಟು ಕಣೋ! ನಿನ್ನ ಬೆಲ್ಟು!"

ಮೇಸ್ತ್ರಿ ಸತ್ತು ಇಪ್ಪತ್ತು ವರ್ಷವಾಯಿತು. ಕೇಳಿಸಿರುತ್ತದೆ.

ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಹಾಲಿನವನಿಗೆ, ಇಸ್ತ್ರಿಯವಳಿಗೆ, ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದವರಿಗೂ. ನಮ್ಮ ಬೀದಿಯಲ್ಲಿ ಅವಳನ್ನು ಸೊಟ್ಟಕೈ ಎಂದು ಕರೆಯುವ ಹಳೆಯ ಗೆಳತಿಯೊಬ್ಬಳಿದ್ದಾಳೆ. ಅವಳ ಬಾಗಿಲು ತಟ್ಟಿ, ಟೀಪಾಟನ್ನು ಅವಳ ಮೂಗಿನ ಮುಂದೆ ಹಿಡಿದು ಪೂರ್ತಿ ವಿವರಿಸಿದಳು. ಕಂಬಿ, ಬೆಲ್ಟು, ತಗಡು, ಬೆಂಕಿ, ಒಂದೂ ಬಿಡಲಿಲ್ಲ. ಗೆಳತಿ, "ಹಾಗಾದ್ರೆ ಇನ್ಮೇಲೆ ಏನಂತ ಕರೀಲಿ?" ಅಂದಳು. "ಹೆಸರಿಟ್ಟಿಲ್ವೇನೇ ನಮ್ಮಮ್ಮ ನನಗೆ?" ಅಂದಳು ಅಜ್ಜಿ.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನಾಲ್ಕನ್ನು ಕಳಿಸಿದ್ದೇನೆ, ಎರಡು ಸೊಟ್ಟ, ಎರಡು ನೆಟ್ಟಗಿನವು. ಅಂಚೆ ಕಚೇರಿಯವರು ಒಳಗೇನಿದೆ ಎಂದರು. ನ್ಯಾಯ ಎಂದೆ. ಒಡೆಯುವ ಸಾಮಾನು ಎಂದು ಚೀಟಿ ಅಂಟಿಸಿದರು.

ಮಡಚುವವಳು


ಸೆಪ್ಟೆಂಬರ್ 9

ತಂಗಿ,

ನಾಲ್ಕೂ ಒಡೆಯದೆ ಬಂದವು. ನನ್ನ ಮೇಜಿನ ಮೇಲಿಟ್ಟು ಇಡೀ ಸಿಬ್ಬಂದಿಯನ್ನು ಕರೆದೆ. ಕಾವಲುಗಾರ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಬೇಕಾಯಿತು. ಕನ್ನಡಿ ಇಳಿಸಿ ನೋಡಿದೆ. ಸೊಟ್ಟದ್ದರೊಳಗಿನ ಸುರುಳಿಯೂ ಕಪಾಟಿನ ಟೀಪಾಟಿನ ಸುರುಳಿಯೂ ಒಂದೇ ದಿಕ್ಕು.

ಯಜಮಾನರ ಮೊಮ್ಮಗ ಕೂಡಲೇ ಬಂದರು. ಅಜ್ಜನವರು ಚಕ್ರದ ಮುಂದೆ ಕೂತ ಫೋಟೋ ತಂದಿದ್ದರು, ಅದೇ ಪುರಾವೆ ಎಂದರು. ದೊಡ್ಡದು ಮಾಡಿಸಿ ನೋಡಿದೆವು. ಆ ಚಕ್ರಕ್ಕೆ ಬೆಲ್ಟೇ ಇಲ್ಲ, ಅದು ತಿರುಗುವಂತೆಯೇ ಇಲ್ಲ. ಅವರು ಬಹಳ ಹೊತ್ತು ನೋಡಿ, "ಅಜ್ಜನಿಗೆ ಫೋಟೋ ತೆಗೆಸಿಕೊಳ್ಳೋದು ಇಷ್ಟ ಇತ್ತು" ಎಂದರು. ಭಾಷಣ ಬೇಡ ಎಂದು ತಾವೇ ಹೇಳಿ ಹೋದರು. ಬೆಂಬಲ ಹಿಂತೆಗೆಯಲಿಲ್ಲ. ಆ ಮಟ್ಟಿಗೆ ಒಳ್ಳೆಯವರು. ನೀವು ಓದುವ ಕರಪತ್ರಗಳಲ್ಲಿ ಇಂಥವರಿಗೂ ಒಂದು ಸಾಲು ಇರಲಿ.

ಪುಟ ತಿದ್ದಿದ್ದೇನೆ. ಕಪಾಟಿನ ಫಲಕವೂ ಹೀಗೇ ಇರುತ್ತದೆ:

'ಚಹಾ ಸೆಟ್ಟು, ಮುದ್ರೆಯಿಲ್ಲದ್ದು. ಕಾರ್ಖಾನೆಯ ಕೊನೆಯ ಚಕ್ರದಲ್ಲಿ ಮಾಡಿದವರು ———. ಮೂತಿ ವಾಲಿರುವುದು ಹಳೆಯ ಬೆಲ್ಟನ್ನು ಬದಲಿಸದೆ ತಿರುಚಿ ಹಾಕಿದ್ದರಿಂದ. ಕೈ ನೆಟ್ಟಗಿತ್ತು.'

ನಡುವೆ ಜಾಗ ಬಿಟ್ಟಿದ್ದೇನೆ. ಅವರು ಒಪ್ಪಿದರೆ ಮಾತ್ರ ಹೆಸರು. ಅಕ್ಟೋಬರ್ ನಾಲ್ಕಕ್ಕೆ ಉದ್ಘಾಟನೆ. ಅದನ್ನು ಮಾಡುವವರು ಈಗ ಯಾರೂ ಇಲ್ಲ. ಅವರಿಗೆ ಪುರುಸೊತ್ತಿದೆಯೇ ಎಂದು ಕೇಳಿ ನೋಡಿ.

ಸಂಗ್ರಹಪಾಲಕ


ಸೆಪ್ಟೆಂಬರ್ 16

ಪ್ರಿಯ ಸಂಗ್ರಹಪಾಲಕರೇ,

ಆ ಪುಟ ಇವತ್ತು ನನ್ನ ಮೇಜಿಗೆ ಬಂತು. ಹೆಸರಿನ ಜಾಗದಲ್ಲಿ ಹೆಸರಿದೆ. ಅಜ್ಜಿ ತಾನೇ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಅಚ್ಚು ಜೋಡಿಸುವವನ ಕೈಗೆ ನಾನೇ ಕೊಟ್ಟಿದ್ದೆ. ನಿಮ್ಮ ಫಲಕಕ್ಕೆಂದು ಇನ್ನೊಂದನ್ನು ಇದರೊಳಗೆ ಇಟ್ಟಿದ್ದೇನೆ. ಮಾಲೀಕರು ಬೆನ್ನ ಹಿಂದೆ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ. "ಮಡಚೋ ಮುಂಚೆ ಒಂದ್ಸಲ ಗಟ್ಟಿಯಾಗಿ ಓದು, ಎಲ್ಲರೂ ಕೇಳಲಿ" ಅಂದರು. ಯಂತ್ರ ನಿಲ್ಲಿಸಿದರು. ಓದಿದೆ. 'ಕೈ ನೆಟ್ಟಗಿತ್ತು' ಎನ್ನುವುದನ್ನು ಎರಡು ಸಲ ಓದಿದೆ. ಇಷ್ಟೆಲ್ಲ ಕರಪತ್ರ ಓದಿದ್ದೇನೆ. ಈ ಎರಡು ಪದಗಳಷ್ಟು ಕೆಲಸ ಮಾಡಿದ ಸಾಲು ಯಾವುದರಲ್ಲೂ ಕಂಡಿಲ್ಲ. ನಾನಾಗಿದ್ದರೆ ಅಲ್ಲಿ ಶೋಷಣೆ ಎಂದು ಬರೆದು ಕೆಡಿಸುತ್ತಿದ್ದೆ.

ಇನ್ನು ಅಜ್ಜಿಯ ಮಾತು. ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಒಂದಕ್ಷರ ತಿದ್ದಬಾರದಂತೆ.

"ಸ್ವಾಮಿ, ಬರ್ತೀನಿ. ಪುರುಸೊತ್ತು ಮಾಡ್ಕೊಂಡು ಬರ್ತೀನಿ. ಹಿಂದಿನ ಸಾಲಲ್ಲಿ ಕೂರಿಸಬೇಡಿ, ನನಗೆ ಕಣ್ಣು ಮಂದ. ಹಾರ ಗೀರ ಬೇಡ. ಭಾಷಣ ನಾನು ಮಾಡ್ತೀನಿ. ಒಂದು ಚಕ್ರ ತರಿಸಿ, ಉಲ್ಟಾ ತಿರುಗೋದು. ಮಣ್ಣು ಹದ ಮಾಡಿಸಿಡಿ, ಕಲ್ಲು ಇರಬಾರದು. ತಗಡು ಬೇಡ. ಐವತ್ತು ವರ್ಷದಲ್ಲಿ ಒಂದ್ಸಲನಾದ್ರೂ ನನ್ನ ಕಣ್ಣಳತೇಲಿ ಕತ್ತರಿಸ್ತೀನಿ, ಬಂದವರೆಲ್ಲ ನೋಡಲಿ. ಈ ಹುಡುಗೀನೂ ಜೊತೆಗೆ ಬರ್ತಾಳೆ. ಘೋಷಣೆ ಕೂಗಿದ್ರೆ ನೀವು ಕಿವಿ ಹಿಂಡಿ, ನಾನು ಬೇಡ ಅನ್ನಲ್ಲ. ಬಸ್ಸು ಒಂಬತ್ತಕ್ಕೆ ಅಲ್ಲಿಗೆ ಬರುತ್ತಂತೆ. ಮುಖ ತೊಳೆದು ಸೀರೆ ಸರಿ ಮಾಡ್ಕೊಳ್ಳೋಕೆ ಹೊತ್ತು ಬೇಕು. ಅಕ್ಟೋಬರ್ ನಾಲ್ಕು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಇರ್ತೀನಿ. ನೀವೂ ಇರಿ."